ದೊಡ್ಡಪ್ಪ ಬಾಯಿಬಿಟ್ಟ ದಿನ

ನನ್ನ ದೊಡ್ಡಪ್ಪ ಸೈನ್ಯದಲ್ಲಿ ಜನರಲ್ ಆಗಿದ್ದರು. ಉತ್ತರದ ಮಂಜಿನ ಬೆಟ್ಟಗಳಲ್ಲಿ ನಡೆದ ಯುದ್ಧದಲ್ಲಿ ಒಂದು ದೊಡ್ಡ ಪಡೆಯನ್ನು ಮುನ್ನಡೆಸಿದವರು. ಅದಾದ ಮೇಲೆ ದೆಹಲಿಯಲ್ಲಿ ಗುಪ್ತಚರ ಕೆಲಸದ ಕಚೇರಿಯೊಂದಕ್ಕೆ ಮುಖ್ಯಸ್ಥರಾದರು. ಅವರು ತೀರಿಕೊಂಡಾಗ ಪತ್ರಿಕೆಯವರು ಯುದ್ಧದ ಬಗ್ಗೆ ಧಾರಾಳವಾಗಿ ಬರೆದರು, ಕಚೇರಿಯ ಬಗ್ಗೆ ಒಂದೇ ಸಾಲು ಬರೆದು ಬಿಟ್ಟರು. ಆ ಕಚೇರಿಯ ವಿಷಯ ನನಗೂ ಗೊತ್ತಿಲ್ಲ. ಆದರೆ ಅಲ್ಲಿಂದ ಅವರು ಊರಿಗೆ ಹೊತ್ತು ತಂದ ಒಂದು ಭಾರ ನನ್ನ ಕಣ್ಣೆದುರಿಗೇ ಇಳಿಯಿತು. ಇಳಿದ ಮೇಲೆ ಹಗುರವಾಯಿತೆಂದು ಹೇಳಲಾರೆ. ಜನರ ಹೆಸರು ಬಿಟ್ಟು ಅದನ್ನಷ್ಟು ಬರೆದಿಡುತ್ತೇನೆ.

ನಮ್ಮದು ಹಳ್ಳಿಮೈಸೂರು ಹೋಬಳಿಯ ಒಕ್ಕಲು ಮನೆ. ನಾಲೆ ನೀರಿನ ಗದ್ದೆ, ಮೇಲೆ ಒಂದಿಷ್ಟು ರಾಗಿ ಹೊಲ, ತೆಂಗು. ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡಪ್ಪ ಹಿರಿಯರು, ನನ್ನಪ್ಪ ಕಿರಿಯರು. ತಾತನಿಗೆ ಹಿರಿಮಗ ಅಮಲ್ದಾರನಾಗಬೇಕೆಂಬ ಆಸೆ. ದೊಡ್ಡಪ್ಪ ಹಾಸನದಲ್ಲಿ ಕಾಲೇಜು ಓದುತ್ತಿದ್ದಾಗ ಯಾರಿಗೂ ಹೇಳದೆ ಸೈನ್ಯದ ಪರೀಕ್ಷೆ ಬರೆದು ಬಂದರಂತೆ. ತಾತ ಒಂದು ವಾರ ಅವರ ಜೊತೆ ಮಾತಾಡಲಿಲ್ಲವಂತೆ. ಹೊರಡುವ ದಿನ ಮಾತ್ರ ಎತ್ತಿನ ಗಾಡಿ ಕಟ್ಟಿ ತಾವೇ ಹೊಳೆನರಸೀಪುರದ ರೈಲು ನಿಲ್ದಾಣಕ್ಕೆ ಬಿಟ್ಟು ಬಂದರು ಎಂದು ಅಪ್ಪ ಹೇಳುತ್ತಿದ್ದರು.

ನಾನು ಕಂಡ ದೊಡ್ಡಪ್ಪ ಮಾತುಗಾರ. ರಜೆಗೆ ಬಂದರೆ ಪಂಚೆ ಉಟ್ಟು ಜಗಲಿಯ ಮೇಲೆ ಕೂತು, ಹಿಮದಲ್ಲಿ ಟೀ ಸೋಸುವುದರೊಳಗೆ ಹೇಗೆ ತಣ್ಣಗಾಗುತ್ತದೆ, ಹೇಸರಗತ್ತೆಗಳು ಹೇಗೆ ಮೊಂಡು ಹಿಡಿಯುತ್ತವೆ, ಯಾವ ಜವಾನ ಯಾವ ಊರಿನ ಹಾಡು ಹೇಳುತ್ತಾನೆ ಎಂದು ಕೈ ಆಡಿಸಿ ಆಡಿಸಿ ಹೇಳುತ್ತಿದ್ದರು. ಊರಿನವರು ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ದೊಡ್ಡಮ್ಮ ಒಳಗಿನಿಂದಲೇ ಊಟಕ್ಕೆ ಕರೆದು ಕರೆದು ಸೋಲುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನೇ 'ಮಗಾ' ಎಂದು ಕರೆಯುತ್ತಿದ್ದರು.

ಯುದ್ಧ ಬಂದಾಗ ನಾನು ಬಿ.ಎಡ್ ಮುಗಿಸಿ ಹೈಸ್ಕೂಲಿಗೆ ಟೀಚರಾಗಿ ಸೇರಿದ ಹೊಸತು. ನಮ್ಮ ಮನೆಯ ಟಿ.ವಿ. ಮುಂದೆ ಬೆಳಗಿನಿಂದ ಸಂಜೆವರೆಗೂ ಜನ. ಅಪ್ಪ ಗದ್ದೆಗೆ ನೀರು ಕಟ್ಟಲೂ ಹೋಗಲಿಲ್ಲ. ಕೊನೆಗೆ ಬೆಟ್ಟಗಳನ್ನು ಗೆದ್ದ ಸುದ್ದಿ ಬಂತು. ಜೊತೆಗೆ ಹೆಣಗಳ ಪೆಟ್ಟಿಗೆಗಳೂ ಬಂದವು. ಅದರಲ್ಲಿ ಒಂದು ನಮ್ಮ ಜಿಲ್ಲೆಯದೇ. ಅರಕಲಗೂಡು ತಾಲ್ಲೂಕು, ರುದ್ರಪಟ್ಟಣದ ಕಡೆಯ ಹುಡುಗ. ದೊಡ್ಡಪ್ಪನ ಪಡೆಯಲ್ಲೇ ಇದ್ದವನು.

ಯುದ್ಧ ಮುಗಿದು ದೊಡ್ಡಪ್ಪ ಊರಿಗೆ ಬಂದಾಗ ಹಾಸನದಲ್ಲಿ ತೆರೆದ ಜೀಪಿನ ಮೇಲೆ ಮೆರವಣಿಗೆ ಮಾಡಿದರು. ಹಾರಗಳ ಭಾರಕ್ಕೆ ಅವರ ಕತ್ತು ಬಾಗಿತ್ತು. ಸಮಾರಂಭ ಮುಗಿಯುತ್ತಲೇ ಹಾರಗಳನ್ನೆಲ್ಲ ತೆಗೆದಿಟ್ಟು, ಅರಕಲಗೂಡಿಗೆ ಹೋಗೋಣ ಎಂದರು. ಅಪ್ಪ, ದೊಡ್ಡಮ್ಮ, ನಾನು ಅವರ ಜೊತೆ ಕಾರಿನಲ್ಲಿ ಹೋದೆವು.

ಆ ಮನೆಯ ಮುಂದೆ ಹಸಿ ಹೊಗೆಸೊಪ್ಪನ್ನು ಗೂಡಿನ ಬಿಸಿಯಲ್ಲಿ ಬೇಯಿಸುವ ಮೊದಲು ಕಡ್ಡಿಗೆ ಕಟ್ಟುತ್ತ ಹೆಂಗಸರು ಕೂತಿದ್ದರು. ಸತ್ತ ಹುಡುಗನ ತಾಯಿ ಅವರಲ್ಲೇ ಒಬ್ಬರು. ಕೈಗೆಲ್ಲ ಸೊಪ್ಪಿನ ಅಂಟು. ದೊಡ್ಡಪ್ಪ ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತರು. ಆಕೆ ಕೈ ಒರೆಸಿಕೊಳ್ಳಲೂ ಇಲ್ಲ. ನೇರವಾಗಿ ಕೇಳಿದರು.

"ನನ್ನ ಮಗನ್ನ ಆ ಬೆಟ್ಟಕ್ಕೆ ಅತ್ಸಿದ್ದು ನೀನೇನಾ?"

"ನಾನೇ ಕಣವ್ವ" ಎಂದರು ದೊಡ್ಡಪ್ಪ.

ಆಮೇಲೆ ಎಲ್ಲ ಹೇಳಿದರು. ಬೆಟ್ಟ ಎಷ್ಟು ಕಡಿದಾಗಿತ್ತು, ಬೇರೆ ದಾರಿ ಯಾಕಿರಲಿಲ್ಲ, ಇವರ ಮಗ ಎಲ್ಲಿ ನಿಂತಿದ್ದ, ಗುಂಡು ಎಲ್ಲಿ ತಗುಲಿತು, ಎಷ್ಟು ಹೊತ್ತು ಉಸಿರಿತ್ತು, ನೀರು ಕೇಳಿದನೋ ಇಲ್ಲವೋ. ಒಂದನ್ನೂ ಮೆತ್ತಗೆ ಮಾಡಲಿಲ್ಲ. ಕಳಿಸುವಾಗ ಅವರಲ್ಲಿ ಕೆಲವರು ಬರುವುದಿಲ್ಲವೆಂದು ತನಗೆ ಗೊತ್ತಿತ್ತು ಎಂದೂ ಹೇಳಿದರು. ನನ್ನಪ್ಪ ಹೆದರಿ ಅಣ್ಣನ ತೋಳು ಮುಟ್ಟಿದರು. ತಾಯಿ ಅತ್ತು, ಅತ್ತು ಸುಮ್ಮನಾಗಿ, ದಿಟ ಹೇಳಿದೆಯಲ್ಲಪ್ಪ, ಅಷ್ಟು ಸಾಕು ಎಂದರು. ಮುದ್ದೆ, ಉಪ್ಸಾರು ಬಡಿಸಿ, ದೊಡ್ಡಪ್ಪ ಉಣ್ಣುವವರೆಗೂ ಎದುರಿಗೇ ಕೂತಿದ್ದರು. ವಾಪಸು ಬರುವಾಗ ದೊಡ್ಡಪ್ಪ, ಸೈನ್ಯಾಧಿಕಾರಿಗೆ ಇದೊಂದು ಪುಣ್ಯ, ಸತ್ತವನ ಮನೆಗೆ ಹೋಗಿ ಹೀಗಾಯಿತು ಎಂದು ಹೇಳಬಹುದು ಎಂದರು. ಆ ಮಾತು ನನಗೆ ಆಗ ಅಷ್ಟಾಗಿ ತಟ್ಟಲಿಲ್ಲ.

ಮುಂದಿನ ವರ್ಷ ಅವರನ್ನು ದೆಹಲಿಯ ಆ ಕಚೇರಿಗೆ ಹಾಕಿದರು. ದೊಡ್ಡ ಹುದ್ದೆ. ಅಪ್ಪ ಊರಿಗೆಲ್ಲ ಸಿಹಿ ಹಂಚಿದರು. ಆದರೆ ಆಮೇಲೆ ರಜೆಗೆ ಬಂದ ದೊಡ್ಡಪ್ಪ ಬೇರೆಯೇ ಮನುಷ್ಯ. ಜಗಲಿಯ ಮೇಲೆ ಕೂರುತ್ತಿದ್ದರು, ಜನ ಬರುತ್ತಿದ್ದರು, ಮಳೆ ಹೇಗಿದೆ, ತೆಂಗಿಗೆ ನುಸಿ ಬಿತ್ತಂತೆ, ಮಗಳಿಗೆ ಗಂಡು ಸಿಕ್ಕಿತೇ ಎಂದು ವಿಚಾರಿಸುತ್ತಿದ್ದರು. ತಮ್ಮದೊಂದನ್ನೂ ಹೇಳುತ್ತಿರಲಿಲ್ಲ. ಜನ ಸ್ವಲ್ಪ ಹೊತ್ತು ಕಾದು ಎದ್ದು ಹೋಗುತ್ತಿದ್ದರು. ಅಪ್ಪ ಒಂದು ದಿನ ಬೇಜಾರಾಗಿ, "ಅಣ್ಣ ಈಗ ಬರೀ ಕೇಳ್ತಾನೆ ಕಣಮ್ಮ, ಏಳಾದೇ ಇಲ್ಲ" ಎಂದರು. ದೊಡ್ಡಮ್ಮನನ್ನು ಕೇಳಿದರೆ, ನನ್ನ ಹತ್ತಿರವೂ ಅಷ್ಟೇ ಎಂದು ನಕ್ಕುಬಿಟ್ಟರು. ದೊಡ್ಡಮ್ಮ ದೆಹಲಿಯಲ್ಲೇ ತೀರಿಕೊಂಡರು.

ನಿವೃತ್ತಿಯಾದ ಮೇಲೆ ದೊಡ್ಡಪ್ಪ ಹೊಳೆನರಸೀಪುರದ ಅಂಚಿನಲ್ಲಿ, ಹಳ್ಳಿಮೈಸೂರಿನ ರಸ್ತೆಗೆ ಸಣ್ಣದೊಂದು ಮನೆ ಕಟ್ಟಿಸಿಕೊಂಡರು. ನಾನು ಕೆಲಸ ಮಾಡುತ್ತಿದ್ದ ಶಾಲೆ ಹತ್ತಿರವೇ. ಸಂಜೆ ಶಾಲೆ ಬಿಟ್ಟ ಮೇಲೆ ಅವರಲ್ಲಿಗೆ ಹೋಗಿ ಕಾಫಿ ಮಾಡಿಕೊಂಡು ಕುಡಿದು ಮನೆಗೆ ಹೋಗುವುದು ನನ್ನ ರೂಢಿಯಾಯಿತು. ಅವರ ಕಣ್ಣು ಮಂಜಾಗತೊಡಗಿದಾಗ ಕಾರು ನಾನೇ ಓಡಿಸುತ್ತಿದ್ದೆ. ಶಾಲೆಗಳವರು ಬಂದು ಭಾಷಣಕ್ಕೆ ಕರೆದರೆ ಹೋಗಿ ಯುದ್ಧದ ಬಗ್ಗೆ ನಾಲ್ಕು ಮಾತಾಡುತ್ತಿದ್ದರು. ಮಕ್ಕಳು ಗೂಢಚಾರರ ಬಗ್ಗೆ ಕೇಳಿದರೆ, ಅದು ಬಹಳ ಬೇಸರದ ಕೆಲಸ ಎಂದು ನಗಿಸಿ ಮುಗಿಸುತ್ತಿದ್ದರು.

ಹೀಗಿರುವಾಗ ಆಕೆ ಬಂದಳು.

ಶ್ರವಣಬೆಳಗೊಳದ ಹತ್ತಿರದ ಹಳ್ಳಿಯವಳು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಬಂದಿದ್ದಳು. ಪುಟ್ಟ ಮಗಳು ಕೈ ಹಿಡಿದುಕೊಂಡಿದ್ದಳು. ಹಣೆಯಲ್ಲಿ ದೊಡ್ಡ ಕುಂಕುಮ, ಕೊರಳಲ್ಲಿ ತಾಳಿ. ಆಕೆಯ ಗಂಡ ಸೈನ್ಯದಲ್ಲಿದ್ದವನು. ಭಾಷೆ ಬೇಗ ಕಲಿಯುತ್ತಿದ್ದನಂತೆ. ಮಗಳು ತೊಟ್ಟಿಲಲ್ಲಿದ್ದಾಗ, ದೆಹಲಿಯಲ್ಲಿ ಬೇರೆ ಕೆಲಸ ಕೊಟ್ಟಿದ್ದಾರೆ, ಫೋನು ಮಾಡಲಾಗುವುದಿಲ್ಲ ಎಂದು ಹೇಳಿ ಹೋದವನು. ಬಹಳ ತಿಂಗಳ ಮೇಲೆ ಮಫ್ತಿಯಲ್ಲಿ ಇಬ್ಬರು ಬಂದು, ಕೆಲಸದ ಮೇಲಿದ್ದಾಗ ಕಾಣೆಯಾಗಿದ್ದಾರೆ ಎಂದಷ್ಟೇ ಹೇಳಿದರು. ಎಲ್ಲಿ ಎಂದು ಕೇಳಿದರೆ ಗೊತ್ತಿಲ್ಲ ಎಂದರು. ಆ ಕಾಲಕ್ಕೆ ಅಲ್ಲಿ ದೊಡ್ಡವರಾಗಿದ್ದವರು ನಮ್ಮ ಜಿಲ್ಲೆಯವರೇ, ಈಗ ಹೊಳೆನರಸೀಪುರದಲ್ಲಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ ಬಂದಿದ್ದಳು.

ನಾನು ಕಾಫಿ ತಂದುಕೊಟ್ಟು ಅಲ್ಲೇ ನಿಂತಿದ್ದೆ. ದೊಡ್ಡಪ್ಪ ಗಂಡನ ಹೆಸರು ಕೇಳಲಿಲ್ಲ. ಅದನ್ನು ನಾನು ಗಮನಿಸಿದೆ. ತನಗೆ ಏನೂ ಗೊತ್ತಿಲ್ಲ, ಅಷ್ಟು ದೊಡ್ಡ ಕಚೇರಿಯಲ್ಲಿ ಎಲ್ಲರೂ ತಿಳಿದಿರುವುದಿಲ್ಲ ಎಂದರು. ಅವರ ದನಿ ಎಂದಿನಂತೆಯೇ ಇತ್ತು. ಆಕೆ ಜಗಳ ಮಾಡಲಿಲ್ಲ. ಪಿತೃಪಕ್ಷ ಹತ್ತಿರ ಬಂದಿತ್ತು. ನಮ್ಮ ಕಡೆ ತೀರಿಹೋದವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಕ್ಕುವ ಕಾಲ ಅದು. ಆಕೆ ಅದನ್ನೇ ಕೇಳಿದಳು.

"ಎಲ್ಲಿ, ಎಂಗೆ ಅಂತ ನಾ ಕೇಳಾಕಿಲ್ಲ ಸಾ. ಎಡೆ ಇಕ್ಬೇಕಾ ಬ್ಯಾಡ್ವಾ, ಅಷ್ಟು ಏಳಿ ಸಾಕು."

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. ನನಗೆ ಗೊತ್ತಿಲ್ಲ ಕಣವ್ವ ಎಂದು ಮತ್ತೆ ಹೇಳಿದರು.

ಆಮೇಲೆ ಆಕೆ ವರ್ಷ ವರ್ಷವೂ ಪಕ್ಷದ ಹೊತ್ತಿಗೆ ಬರತೊಡಗಿದಳು. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದ್ದಳು. ಬರುವಾಗ ಒಂದಿಷ್ಟು ಹುರುಳಿಯೋ, ಅವರೆಕಾಯೋ ತರುತ್ತಿದ್ದಳು. ಅತ್ತೆ ಇನ್ನೂ ಬದುಕಿದ್ದಾರೆ, ಮಗ ಬರುತ್ತಾನೆಂದೇ ನಂಬಿದ್ದಾರೆ, ಕುಂಕುಮ ಅಳಿಸಿದರೆ ಮನೆಗೆ ಸೇರಿಸುವುದಿಲ್ಲ ಎಂದಿದ್ದಾರೆ ಎನ್ನುತ್ತಿದ್ದಳು. ಊರಿನವರಲ್ಲಿ ಒಂದಿಷ್ಟು ಜನ, ಅವನು ಎಲ್ಲೋ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದು ಆಡಿಕೊಳ್ಳುತ್ತಿದ್ದರಂತೆ. ಹಬ್ಬಕ್ಕೆ ಕರೆದವರು ಅರಿಶಿನ ಕುಂಕುಮ ಕೊಡುವಾಗ ಕೈ ಹಿಂದೆ ಮುಂದೆ ಮಾಡುತ್ತಿದ್ದರಂತೆ. ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮಗಳ ಓದು ವಿಚಾರಿಸುತ್ತಿದ್ದರು. ಆಕೆ ಹೋದ ಮೇಲೆ ತೋಟದ ಅಂಚಿಗೆ ಹೋಗಿ ಬಹಳ ಹೊತ್ತು ನಿಂತಿರುತ್ತಿದ್ದರು.

ಒಮ್ಮೆ ನಾನು ತಡೆಯಲಾರದೆ ಕೇಳಿಬಿಟ್ಟೆ, ನಿಮಗೆ ಗೊತ್ತಿದೆ ಅಲ್ಲವೇ ದೊಡ್ಡಪ್ಪ ಎಂದು. ಅವರು ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಒಬ್ಬ ಮನುಷ್ಯ ಸತ್ತ ಎಂದು ಒಪ್ಪಿಕೊಂಡರೆ ಅವನು ಒಂದು ಕಡೆ ಇದ್ದ ಎಂದು ಒಪ್ಪಿಕೊಂಡ ಹಾಗೆ ಎಂದರು. ಅವನು ಇದ್ದ ಎಂದಾದರೆ, ಅವನಿಗೆ ಅನ್ನ ಹಾಕಿದವರು, ಮಲಗಲು ಜಾಗ ಕೊಟ್ಟವರು ಯಾರು ಎಂದು ಹುಡುಕುವವರು ಇರುತ್ತಾರೆ. ಅವರಿಗೂ ಹೆಂಡತಿ ಮಕ್ಕಳಿರುತ್ತಾರೆ ಮಗಾ ಎಂದರು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹಲವು ವರ್ಷ ಕಳೆದವು. ಅಪ್ಪ ಹೋದರು. ದೊಡ್ಡಪ್ಪನಿಗೆ ಹೃದಯದ ತೊಂದರೆ ಶುರುವಾಗಿ ಹಾಸನದ ಆಸ್ಪತ್ರೆಗೆ ಓಡಾಟ ಹೆಚ್ಚಿತು. ಒಂದು ಮಾಘದಲ್ಲಿ, ಪಕ್ಷದ ಕಾಲವಲ್ಲದ ಕಾಲದಲ್ಲಿ, ಆ ಮಗಳು ಒಬ್ಬಳೇ ಬಂದಳು. ಬೆಳೆದು ದೊಡ್ಡವಳಾಗಿದ್ದಳು. ಶ್ರವಣಬೆಳಗೊಳದ ಲಾಡ್ಜೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಅಚ್ಚು ಹಾಕಿಸಲು ಚನ್ನರಾಯಪಟ್ಟಣದ ಪ್ರೆಸ್ಸಿಗೆ ಹೋಗಿ, ಅಲ್ಲಿಂದ ಸೀದಾ ಇಲ್ಲಿಗೆ ಬಂದಿದ್ದಳು.

ಕೂರಿ ಎಂದರೂ ಕೂರಲಿಲ್ಲ. "ಪ್ರೆಸ್ಸಿನೋರು ಕೇಳ್ತಾವ್ರೆ ತಾತ. ಅಪ್ಪನ ಎಸ್ರಿನ ಮುಂದೆ ಶ್ರೀ ಅಂತ ಆಕ್ಸನಾ, ದಿವಂಗತ ಅಂತ ಆಕ್ಸನಾ?" ಎಂದಳು.

ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಅಳುವೂ ಇರಲಿಲ್ಲ. ಅಂಗಡಿಯಲ್ಲಿ ಬಣ್ಣ ಆರಿಸುವವರ ಹಾಗೆ ಕೇಳಿದ್ದಳು. ಅವಳಿಗೆ ಅಪ್ಪನ ಮುಖದ ನೆನಪೇ ಇಲ್ಲವಲ್ಲ. ದೊಡ್ಡಪ್ಪ ನಾಳೆ ತಾವೇ ಮನೆಗೆ ಬರುವುದಾಗಿ, ಅಲ್ಲಿಯವರೆಗೆ ಅಚ್ಚು ಹಾಕಿಸಬೇಡವೆಂದು ಹೇಳಿ ಕಳಿಸಿದರು. ನನಗೆ, ನಾಳೆ ಶಾಲೆಗೆ ರಜೆ ಹಾಕಲಾಗುತ್ತದೆಯೇ ಎಂದು ಕೇಳಿದರು.

ಬೆಳಿಗ್ಗೆ ಹೊರಟೆವು. ಚನ್ನರಾಯಪಟ್ಟಣ ಬಂದಾಗ ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದರು. ಮದುವೆಗೆ ಸೀರೆ ಕೊಡುತ್ತಾರೇನೋ ಎಂದುಕೊಂಡೆ. ಒಂದು ಗಂಡಸರ ಪಂಚೆ, ಒಂದು ಬಿಳಿ ಅಂಗಿಯ ಬಟ್ಟೆ ತೆಗೆದುಕೊಂಡರು.

ಹಳ್ಳಿಯ ಮನೆ ಚಿಕ್ಕದು, ಅಂಗಳ ಸಾರಿಸಿತ್ತು. ಹುಡುಗಿಯ ತಾಯಿ ಚಾಪೆ ಹಾಸಿದಳು. ಒಳಗೆ ಮಂಚದ ಮೇಲೆ ಮುದುಕಿ ಅತ್ತೆ ಮಲಗಿದ್ದರು. ಮಗಳು ಬಾಗಿಲ ಹತ್ತಿರ ನಿಂತಳು. ದೊಡ್ಡಪ್ಪನಿಗೆ ಕೆಳಗೆ ಕೂರುವುದು ಕಷ್ಟ. ಆದರೂ ನನ್ನ ಭುಜ ಹಿಡಿದು ಚಾಪೆಯ ಮೇಲೆಯೇ ಕೂತರು. ಪಂಚೆ, ಅಂಗಿಯ ಬಟ್ಟೆಯನ್ನು ಆಕೆಯ ಮುಂದಿಟ್ಟರು.

"ಈ ಸಲ ಪಕ್ಸಕ್ಕೆ ಎಡೆ ಇಕ್ಕು ಕಣವ್ವ" ಎಂದರು.

ಆಕೆ ಬಟ್ಟೆಯನ್ನು ನೋಡುತ್ತ ಕೂತಳು. ಮುಟ್ಟಲಿಲ್ಲ. ಯಾವತ್ತಿನಿಂದ ಗೊತ್ತಿತ್ತು ಎಂದು ಕೇಳಿದಳು. ಮೊದಲಿನಿಂದಲೂ ಎಂದರು ದೊಡ್ಡಪ್ಪ. ನಾನೇ ಕಳಿಸಿದ್ದು ಎಂದೂ ಸೇರಿಸಿದರು. ಹೇಗೆ ಸತ್ತ ಎಂದು ಕೇಳಿದ್ದಕ್ಕೆ, ಅದೊಂದು ಕೇಳಬೇಡ ಎಂದು ಕೈ ಮುಗಿದರು. ಆಕೆ ತಲೆಯಾಡಿಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಒಬ್ನೇ ಇದ್ನಾ ಸಾ, ಓಗೋವಾಗ?"

"ಇಲ್ಲ ಕಣವ್ವ. ಜೊತೇಲಿ ಒಬ್ರು ವಯಸ್ಸಾದೋರಿದ್ರು. ಅವರೇ ಮಣ್ಣು ಮಾಡಿದ್ರು."

ಆಕೆ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಕೇಳಲಿಲ್ಲ. ಮಗಳು ಬಾಗಿಲಿಗೆ ಕೈಯಿಟ್ಟು ನಿಂತಳು, ತಟ್ಟಲಿಲ್ಲ. ಅಷ್ಟರಲ್ಲಿ ಮಂಚದ ಮೇಲಿದ್ದ ಮುದುಕಿ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. ದೊಡ್ಡಪ್ಪನ ಮುಂದೆ ನಿಂತು ಹೇಳಿದರು.

"ಮೊದ್ಲೇ ಏಳಿದ್ರೆ ಮೊದ್ಲೇ ಅಳ್ತಿದ್ದೆ ಕಣಪ್ಪ. ಈಗ ಕಣ್ಣಾಗೆ ನೀರೂ ಇಲ್ಲ."

ದೊಡ್ಡಪ್ಪ ತಲೆ ತಗ್ಗಿಸಿ ಕೂತಿದ್ದರು. ಅರಕಲಗೂಡಿನ ಆ ಮನೆಯಲ್ಲಿ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ ಮನುಷ್ಯ ಇವರೇನಾ ಎನಿಸಿತು. ಊಟ ಮಾಡಿ ಹೋಗಿ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಗಳು ಕಾರಿನವರೆಗೆ ಬಂದಳು. ಬಾಗಿಲು ತೆಗೆದುಕೊಟ್ಟು, ಬಂದಿದ್ದು ಒಳ್ಳೆಯದಾಯಿತು ತಾತ ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಹುಡುಗಿ ಕಾರು ತಿರುಗುವಾಗ ಸೆರಗಿನಂತೆ ವೇಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದು ಕನ್ನಡಿಯಲ್ಲಿ ಕಾಣಿಸಿತು.

ಚನ್ನರಾಯಪಟ್ಟಣ ದಾಟಿದ ಮೇಲೆ ದೊಡ್ಡಪ್ಪ ಕಾರು ನಿಲ್ಲಿಸಲು ಹೇಳಿದರು. ಕೆರೆ ಏರಿಯ ಪಕ್ಕ ನಿಲ್ಲಿಸಿದೆ. ಎಡೆ ಇಕ್ಕು ಎನ್ನುವುದನ್ನು ಮಾತ್ರ ಹೇಳಬೇಕೆಂದು ಹೋಗಿದ್ದೆ ಮಗಾ, ಇನ್ನೊಂದು ಮಾತು ಬಾಯಿತಪ್ಪಿ ಬಂತು ಎಂದರು. ಯಾವುದೆಂದು ನನಗೆ ಗೊತ್ತಾಯಿತು. ಆ ವಯಸ್ಸಾದವರು ಈಗ ಇರಲಿಕ್ಕಿಲ್ಲ ಅಲ್ಲವೇ ಎಂದು ಸಮಾಧಾನಕ್ಕೆ ಹೇಳಿದೆ. "ಗೊತ್ತಿಲ್ಲ" ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಎಷ್ಟೋ ಸಲ ಕೇಳಿದ್ದ ಆ ಮಾತು ಅಂದು ನಿಜವಾಗಿಯೂ ಗೊತ್ತಿಲ್ಲದವರ ಮಾತಾಗಿತ್ತು. ನೀರು ಕುಡಿಸಿದೆ.

ಮನೆಗೆ ಬಂದವರೇ ದೆಹಲಿಗೆ ಫೋನು ಮಾಡಿ, ಹೀಗೆ ಹೇಳಿರುವುದಾಗಿ ತಾವೇ ತಿಳಿಸಿದರು. ಕೆಲವು ದಿನಗಳಲ್ಲಿ ಇಬ್ಬರು ಅಧಿಕಾರಿಗಳು ಬಂದರು. ನಡುವಯಸ್ಸಿನವರು. ಒಬ್ಬ ಇವರ ಕೈಕೆಳಗೇ ಕೆಲಸ ಕಲಿತವನಂತೆ, ಕಾಲಿಗೆ ನಮಸ್ಕಾರ ಮಾಡಿದ. ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. ಶಿಕ್ಷೆ ಎಂದು ಏನೂ ಆಗಲಿಲ್ಲ. ಆದರೆ ವರ್ಷಕ್ಕೊಮ್ಮೆ ಹಳಬರನ್ನೆಲ್ಲ ಸೇರಿಸುವ ಕೂಟಕ್ಕೆ ಆಮೇಲೆ ಕರೆ ಬರಲಿಲ್ಲ. ಭಾನುವಾರಗಳಲ್ಲಿ ಫೋನು ಮಾಡುತ್ತಿದ್ದ ಗೆಳೆಯರು ಒಬ್ಬೊಬ್ಬರೇ ನಿಂತರು. ನಾನು ಅದನ್ನು ಎತ್ತಿ ಆಡಿದಾಗ, ಅವರು ಮಾಡುತ್ತಿರುವುದು ಸರಿ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಎಂದರು. ಪಶ್ಚಾತ್ತಾಪವಿದೆಯೇ ಎಂದು ಕೇಳಿದೆ. ಎರಡಕ್ಕೂ ಇದೆ ಎಂದರು. ಹೇಳಿದ್ದಕ್ಕೂ, ಅಷ್ಟು ವರ್ಷ ಹೇಳದೆ ಇದ್ದದ್ದಕ್ಕೂ ಎಂದು ಅರ್ಥ ಮಾಡಿಕೊಂಡೆ.

ಮದುವೆ ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ ನಡೆಯಿತು. ನಮಗೆ ಕರೆ ಬರಲಿಲ್ಲ. ಧಾರೆಯನ್ನು ಸೋದರಮಾವ ಎರೆದರೆಂದು, ತಾಯಿ ಹಿಂದೆ ನಿಂತಿದ್ದಳೆಂದು ನಮ್ಮ ಶಾಲೆಯ ಟೀಚರೊಬ್ಬರು ಹೇಳಿದರು. ಅವರಿಗೆ ಗಂಡಿನ ಕಡೆಯವರು ನೆಂಟರು. ಆ ವರ್ಷದ ಪಕ್ಷದಲ್ಲಿ ಯಾರೂ ನಮ್ಮ ಮನೆಗೆ ಬರಲಿಲ್ಲ. ದೊಡ್ಡಪ್ಪ ಬೆಳಿಗ್ಗೆಯಿಂದ ಗೇಟಿನ ಕಡೆಗೇ ಮುಖ ಮಾಡಿ ಕೂತಿದ್ದರು. ಬರುವುದಿಲ್ಲವೆಂದು ಗೊತ್ತಿದ್ದೂ ಕೂತಿದ್ದರು.

ಅದರ ಮರು ವರ್ಷ ಅವರು ತೀರಿಕೊಂಡರು. ಮಧ್ಯಾಹ್ನದ ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ಸರ್ಕಾರಿ ಗೌರವದಿಂದ ನಮ್ಮ ಹೊಲದಲ್ಲೇ ಸಂಸ್ಕಾರವಾಯಿತು. ಬಾವುಟ ಹೊದಿಸಿದರು, ಗುಂಡು ಹಾರಿಸಿದರು, ಗಿಡಗಳಿಂದ ಕೊಕ್ಕರೆಗಳು ಎದ್ದು ಹೋದವು. ಮಂತ್ರಿಗಳು, ಅಧಿಕಾರಿಗಳು, ಹಳ್ಳಿಮೈಸೂರು ಹೋಬಳಿಯ ಜನವೆಲ್ಲ ಇದ್ದರು. ಅರಕಲಗೂಡಿನ ಆ ಹುಡುಗನ ತಮ್ಮ ತಾಯಿಯ ಪರವಾಗಿ ಬಂದು ಮಣ್ಣು ಹಾಕಿ ಹೋದ.

ಜನ ಕರಗಿದ ಮೇಲೆ ಬದುವಿನ ಆಚೆ ಶ್ರವಣಬೆಳಗೊಳದ ಕಡೆಯ ಆಕೆ ನಿಂತಿದ್ದು ಕಂಡಿತು. ಹಣೆಯಲ್ಲಿ ಸಣ್ಣ ವಿಭೂತಿ. ಹತ್ತಿರ ಹೋದೆ. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. ಹೋದ ಕಾರ್ತಿಕದಲ್ಲಿ ಹೋದರು ಎಂದಳು. ಮಗಳು ಬಸುರಿಯಂತೆ.

"ಬೈಬೇಕು ಅಂತ್ಲೇ ಬಂದೆ ಕಣಕ್ಕಾ" ಎಂದಳು ಆಮೇಲೆ. "ಇದ್ದಾಗ ಬೈಯಾಕೆ ಆಗ್ನಿಲ್ಲ, ಸತ್ತಾಗ್ಲಾದ್ರೂ ಬೈದು ಓಗವಾ ಅಂತ. ನಿಂತೇ ಇವ್ನಿ, ಬಾಯೇ ಬರಾಕಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಬಿಸಿಲು ಇಳಿಯುತ್ತಿತ್ತು. ಊರಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು, ಕತ್ತಲಾದರೆ ಚನ್ನರಾಯಪಟ್ಟಣದಿಂದ ಮುಂದಕ್ಕೆ ಬಸ್ಸು ಸಿಗುವುದಿಲ್ಲ ಎಂದಳು. ಕಾರಿನಲ್ಲಿ ಹೊಳೆನರಸೀಪುರದ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಬಸ್ಸು ಹೊರಡುವುದರಲ್ಲಿತ್ತು. ಹತ್ತಿ ಕಿಟಕಿಯ ಪಕ್ಕ ಕೂತು, ಹೆರಿಗೆಯಾದ ಮೇಲೆ ಹೇಳಿ ಕಳಿಸುತ್ತೇನೆ, ಮಗುವನ್ನು ನೋಡಲು ಬನ್ನಿ ಎಂದಳು. ಬರುತ್ತೇನೆ ಎಂದೆ.